ಇಂಜಿನ್ ಒಂದು ಸಲ ಓವರ್‌ಹೀಟ್ ಆದರೆ ಶಾಶ್ವತವಾಗಿ ಹಾಳಾಗುತ್ತಾ?

ಆಗಬಹುದು. ಆದರೆ ನಿಮ್ಮ ಕಾರು ಓವರ್‌ಹೀಟ್ ಆದ ಬಗ್ಗೆ "ಒಂದೇ ಸಲ ತಾನೇ, ಆಮೇಲೆ ಟೆಂಪರೇಚರ್ ಮುಳ್ಳು ಇಳೀತು" ಅಂತ ಬರೆದಿದ್ದೀರಲ್ಲ, ನನಗೆ ಭಯ ಆಗಿದ್ದೇ ಆ ಮಾತಿಗೆ. ಮುಳ್ಳು ಇಳಿದಾಗ ಕಾರು ನಿಂತಿತ್ತಾ, ಓಡುತ್ತಿತ್ತಾ?

ನನ್ನದು ಓಡುತ್ತಿತ್ತು. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ಕಡೆ ಹೊರಟಿದ್ದೆವು. ಏಪ್ರಿಲ್ ಬಿಸಿಲು, ಎಸಿ ಫುಲ್. ಪೇರೇಸಂದ್ರ ದಾಟುತ್ತಿದ್ದಂತೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. "ನಿಲ್ಸಪ್ಪಾ" ಅಂದರು ಭಾವ. ಮುಂದೆ ಗ್ಯಾರೇಜ್ ಸಿಗುತ್ತೆ ಅಂತ ನಾನು ಎಸಿ ಆರಿಸಿ ಹಾಗೇ ಹೋದೆ. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗೇ ಇಳಿಯಿತು. "ನೋಡಿ ಭಾವ, ತಣ್ಣಗಾಯ್ತು" ಅಂತ ಜಂಬ ಬೇರೆ.

ಆ ಮುಳ್ಳು ತೋರಿಸುವುದು ಕೂಲಂಟ್‌ನ, ಅಂದರೆ ಇಂಜಿನ್ ತಣ್ಣಗಿಡುವ ದ್ರವದ ಬಿಸಿ. ಬಿಸಿ ಅಳೆಯುವ ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಅದರ ಮಾತು ನಂಬಬಹುದು. ನನ್ನ ಕಾರಿನ ಹೋಸ್ ಪೈಪ್ ಒಡೆದು ಕೂಲಂಟ್ ಎಲ್ಲಾ ರಸ್ತೆ ಪಾಲಾಗಿತ್ತು. ಸೆನ್ಸರ್ ಸುತ್ತ ಬರೀ ಗಾಳಿ. ಅದಕ್ಕೇ ಮುಳ್ಳು ಇಳಿದಿತ್ತು! ಒಳಗೆ ಇಂಜಿನ್ ಒಲೆ ಮೇಲಿಟ್ಟ ಖಾಲಿ ಪಾತ್ರೆಯ ಹಾಗೆ ಕಾಯುತ್ತಿತ್ತು. ಕೆಂಪಿನಲ್ಲಿದ್ದಾಗಲೇ ನಿಲ್ಲಿಸಿದ್ದರೆ ಬಹುಶಃ ಒಂದು ಪೈಪಿನ ಖರ್ಚಲ್ಲಿ ಮುಗಿಯುತ್ತಿತ್ತು.

ಆಮೇಲೆ ಪಿಕಪ್ ಸತ್ತಿತು, ಕಟಕಟ ಸದ್ದು, ಇಂಜಿನ್ ಆಫ್. ನನ್ನ ಕಾರಿನಲ್ಲಿ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂ; ಕೆಳಗಿನ ಬ್ಲಾಕ್ ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ, ಮಿತಿ ಮೀರಿದರೆ ಸೊಟ್ಟಗಾಗುತ್ತದೆ. ಎರಡರ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಉಳಿಯಲಿಲ್ಲ. ಸೊಟ್ಟಗಾದ ಹೆಡ್ ಸಮ ಮಾಡಿಸಿ (ಫೇಸಿಂಗ್), ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಆದರೂ ಆಯಿಲ್ ಮೇಲೇರದಂತೆ ತಡೆಯುವ ಪಿಸ್ಟನ್ ರಿಂಗ್ ಹೋಗಿದ್ದರಿಂದ ಕಾರು ಆಯಿಲ್ ಕುಡಿಯುವುದು ನಿಲ್ಲಲಿಲ್ಲ. ಕೊನೆಗೆ ಬಂದಷ್ಟಕ್ಕೆ ಮಾರಿದೆ.

ಮುಳ್ಳು ಏರಿದರೆ ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ. ಕಡಿಮೆ ಅಂದರೂ ಅರ್ಧ ಗಂಟೆ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒಳಗೆ ಒತ್ತಡ ಇರುವುದರಿಂದ ಅಲ್ಲಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ತೆರೆದ ಕೂಡಲೇ ಮುಖಕ್ಕೇ ಚಿಮ್ಮುತ್ತದೆ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಹಾಂ, ಬೋರ್‌ವೆಲ್ ನೀರು ತುಂಬಿಸುವ ಚಾಳಿ ನಮ್ಮ ಕಡೆ ಇದೆ. ಗಡಸು ನೀರಿಗೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ, ಆ ಚಾಳಿ ಬಿಡಿ.

"ಈಗ ಚೆನ್ನಾಗೇ ಓಡ್ತಿದೆ, ಮಾರಲಾ ಇಟ್ಕೊಳ್ಳಲಾ" ಅಂತ ಕೇಳಿದ್ದೀರಿ. ಅದು ಆಮೇಲಿನ ಮಾತು. ಮೊದಲು ಆಯಿಲ್ ಕ್ಯಾಪ್ ತೆಗೆದು ನೋಡಿ. ಕ್ಯಾಪಿನ ಒಳಗಿನ ಆಯಿಲ್ ಹಾಲು ಬೆರೆತ ಕಾಫಿ ಬಣ್ಣ ಇದ್ದರೆ ಅದಕ್ಕೆ ನೀರು ಸೇರಿರಬಹುದು, ಸ್ಟಾರ್ಟ್ ಕೂಡ ಮಾಡಬೇಡಿ. ಇಲ್ಲದಿದ್ದರೂ ಪ್ರೆಶರ್ ಟೆಸ್ಟ್ ಮಾಡಿಸಿ, ಅಂದರೆ ಕೂಲಂಟ್ ಸೋರುತ್ತಾ ಅಂತ ಒತ್ತಡ ಕೊಟ್ಟು ನೋಡುವುದು. ಮೆಕ್ಯಾನಿಕ್ "ಕೂಲಂಟ್ ತುಂಬಿಸಿದೀನಿ, ಹೋಗಿ ಸಾರ್" ಅಂದರೆ ಒಪ್ಪಬೇಡಿ. ಮೊದಲಿದ್ದದ್ದು ಎಲ್ಲಿ ಸೋರಿತು ಅಂತ ತೋರಿಸಿದ ಮೇಲೇ ದುಡ್ಡು ಕೊಡಿ.