ಸುತ್ತಲಿನ ಕೋಶಗಳನ್ನು ಮೊದಲೇ ಬಿಡಿಸಬೇಡಿ

ಲ್ಯಾಬಿನಲ್ಲಿ ಹಸುವಿನ ಅಂಡಾಣು ಮತ್ತು ವೀರ್ಯಾಣು ಸೇರಿಸಿ ಭ್ರೂಣ ಬೆಳೆಸುವಾಗ, ಅಂಡಾಣುವಿನ ಸುತ್ತ ಇರುವ ಕೋಶಗಳನ್ನು ಮೊದಲೇ ಬಿಡಿಸಿಬಿಟ್ಟರೆ ವೀರ್ಯಾಣು ಬೇಗ ಒಳಗೆ ಹೋಗುತ್ತದೆ ಅಲ್ವಾ ಎಂದು ಕೇಳಿದ್ದೀರಿ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಆಗುವುದು ಉಲ್ಟಾ.

ಕ್ಯುಮುಲಸ್ ಕೋಶಗಳು ಎನ್ನುವ ಈ ಸುತ್ತಲಿನ ಕೋಶಗಳು ಸುಮ್ನೆ ಹೊದಿಕೆ ಅಲ್ಲ. ಅಂಡಾಣುವಿಗೆ ಗ್ಲೂಕೋಸನ್ನು ನೇರವಾಗಿ ಬಳಸಿಕೊಳ್ಳಲು ಅಷ್ಟಾಗಿ ಬರುವುದಿಲ್ಲ. ಇವು ಅದನ್ನು ಒಡೆದು ಪೈರುವೇಟ್ ಎಂಬ ಚಿಕ್ಕ ಅಣು ಮಾಡಿ ಕೊಡುತ್ತವೆ, ಒಂಥರಾ ಅರೆದು ಉಣಿಸಿದ ಹಾಗೆ. ಗ್ಲುಟಥಯೋನ್ ಎಂಬ ಕೋಶ ಕಾಯುವ ವಸ್ತುವನ್ನು ಅಂಡಾಣು ಕೂಡಿಟ್ಟುಕೊಳ್ಳಲೂ ಇವುಗಳ ನೆರವು ಬೇಕು. ಅದು ಕಮ್ಮಿಯಾದರೆ ವೀರ್ಯಾಣು ಒಳಗೆ ಹೋದರೂ ಅದರ ತಲೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ.

ಮೈಕ್ರೋಸ್ಕೋಪಿನಲ್ಲಿ ಗಮನಿಸಿ. ಶುರುವಿನಲ್ಲಿ ಕೋಶಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. 38.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 22–24 ಗಂಟೆ ಮಾಗಿದ ಮೇಲೆ ಹಿಂಜಿದ ಹತ್ತಿಯ ಹಾಗೆ ಅರಳುತ್ತವೆ. ಮುಟ್ಟಿದರೆ ಅಂಟಂಟು. ಅದು ಹೈಲುರಾನಿಕ್ ಆಮ್ಲದ ಲೋಳೆ. ವೀರ್ಯಾಣುಗಳು ಅದರಲ್ಲಿ ಸಿಕ್ಕಿಕೊಂಡು ಅಂಡಾಣುವಿನ ಹತ್ತಿರವೇ ಉಳಿಯುತ್ತವೆ.

ಮಾಗುವ ಮೊದಲೇ ಬಿಡಿಸಿದರೆ ನಷ್ಟ ಜಾಸ್ತಿ: ಮಾಗುವುದೂ ಕೆಡುತ್ತದೆ, ಮುಂದೆ ಭ್ರೂಣವೂ ಕಮ್ಮಿ. ಮಾಗಿದ ಮೇಲೆ, ವೀರ್ಯ ಹಾಕುವ ಮುಂಚೆ ಬಿಡಿಸಿದರೂ ಫಲವಾಗುವ ಪ್ರಮಾಣ ಇಳಿಯುತ್ತದೆ. ಅಂಥ ಬೋಳು ಅಂಡಾಣುಗಳಿರುವ ದ್ರವದ ಹನಿಗೆ ಬಿಡಿ ಕ್ಯುಮುಲಸ್ ಕೋಶಗಳನ್ನು ಸೇರಿಸಿದರೆ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ.

ಹಾಗಾಗಿ ವೀರ್ಯ ಹಾಕಿ 18–20 ಗಂಟೆ ಕಳೆದ ಮೇಲೆ ಬಿಡಿಸಿ. ಸಣ್ಣ ಟ್ಯೂಬಿನಲ್ಲಿ ಹಾಕಿ ವೋರ್ಟೆಕ್ಸ್ ಮಾಡಿದರೆ (ಯಂತ್ರದಲ್ಲಿ ಜೋರಾಗಿ ಕುಲುಕಿದರೆ) ಸಾಕು. ವೀರ್ಯಾಣುವನ್ನು ಸೂಜಿಯಿಂದ ಚುಚ್ಚಿ ಒಳಗೆ ಬಿಡುವ ಇಕ್ಸಿ ಮಾಡುವುದಾದರೆ ಮಾತ್ರ ಮೊದಲೇ ತೆಗೆಯಬೇಕು, ಅದೂ ಮಾಗಿದ ಮೇಲೆಯೇ.

ಅಂದ ಹಾಗೆ, ಆರಿಸುವಾಗಲೇ ಕೋಶದ ಪದರ ಹರಿದಿರುವ ಅಂಡಾಣುಗಳನ್ನು ಪಕ್ಕಕ್ಕಿಡಿ.