ಹಣೆಬರಹವಲ್ಲ, ಪಾಲು

ಪ್ರಿಯರೇ,

ಪ್ರಾಚೀನ ಯೆಹೂದಿ ಗ್ರಂಥಗಳಲ್ಲಿ ಚೀಟಿ ಹಾಕುವ ಪದ್ಧತಿಯನ್ನು ಕುರಿತ ನಿಮ್ಮ ಲೇಖನ ತಲುಪಿತು. ಚೆನ್ನಾಗಿ ಓದಿಕೊಂಡಿದ್ದೀರಿ, ಕಾಗುಣಿತ ಶುದ್ಧವಾಗಿದೆ. ಸಂತೋಷ. ಇನ್ನು ನನ್ನ ಎರಡು ರಾತ್ರಿಗಳ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ.

‘ಗೋರಾಲ್’ ಎಂಬ, ಚೀಟಿ ಎಂದೇ ಅರ್ಥವಿರುವ ಹೀಬ್ರೂ ಪದ ಬಂದಲ್ಲೆಲ್ಲ ನೀವು ‘ಹಣೆಬರಹ’ ಎಂದು ಬರೆದಿದ್ದೀರಿ. ಎಣಿಸಿದೆ, 19 ಸಲ. ಅದು ಬೇಸರವಾದ ಕಡೆ ‘ವಿಧಿ’.

ಮೊದಲ ಪುಟ: “ಶೀಲೋವಿನಲ್ಲಿ ಯೆಹೋಶುವನು ಏಳು ಕುಲಗಳ ಹಣೆಬರಹವನ್ನು ನಿರ್ಧರಿಸಿದನು.” ಯೆಹೋಶುವನ ಗ್ರಂಥದ ಆ ಅಧ್ಯಾಯವನ್ನು ಮತ್ತೊಮ್ಮೆ ತೆಗೆದು ನೋಡಿ. ಇಸ್ರಾಯೇಲರ ನಾಯಕ ಅಲ್ಲಿ ಕುಲಗಳಿಗೆ ನೆಲ ಹಂಚುತ್ತಿದ್ದಾನೆ. ಕುಲಕ್ಕೆ ಮೂವರಂತೆ ಹೊರಟು, ನಾಡೆಲ್ಲ ತಿರುಗಿ, ಊರುಗಳನ್ನು ಬರೆದುಕೊಂಡು, ನೆಲವನ್ನು ಏಳು ಭಾಗ ಮಾಡಿ ತರುತ್ತಾರೆ. ಚೀಟಿ ಬರುವುದು ಆಮೇಲೆ. ಇದು ಶಾನುಭೋಗರ ಕೆಲಸ, ಬ್ರಹ್ಮನದಲ್ಲ. ಹಣೆಬರಹ ಹುಟ್ಟುವಾಗಲೇ ಬರೆದು ಮುಗಿದದ್ದು, ಯಾರಿಗೂ ಓದಲು ಬಾರದ್ದು. ಗೋರಾಲ್ ಎಲ್ಲರೆದುರು ದೇವರನ್ನು ಕೇಳುವ ಪ್ರಶ್ನೆ. ಉತ್ತರವೂ ಅಲ್ಲೇ, ಎಲ್ಲರೆದುರೇ. ಮಡಿಲಿಗೆ ಚೀಟಿ ಹಾಕುವವನು ಮನುಷ್ಯ, ತೀರ್ಪು ಮಾತ್ರ ಯೆಹೋವನದು ಎನ್ನುತ್ತದೆ ಜ್ಞಾನೋಕ್ತಿ 16:33. ಅದನ್ನು ನೀವೇ ಟಿಪ್ಪಣಿಯಲ್ಲಿ ಗುರುತು ಹಾಕಿಕೊಂಡು ಲೇಖನದಲ್ಲಿ ಮರೆತಿದ್ದೀರಿ.

ಮೂರನೆಯ ಪುಟ: “ವಿಧಿಯ ಕ್ರೂರ ಆಟಕ್ಕೆ ಒಂದು ಹೋತ ಬಲಿಯಾಯಿತು.” ಯಾವ ಹೋತ? ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ, ವರ್ಷಕ್ಕೊಮ್ಮೆಯ ಪ್ರಾಯಶ್ಚಿತ್ತದ ದಿನದ ಆಚರಣೆಯಲ್ಲಿ, ಇರುವುದು ಎರಡು. ಯೆಹೋವನ ಚೀಟಿ ಬಿದ್ದದ್ದು ಬಲಿಗೆ. ಅಜಾಜೇಲನ (ಅರಣ್ಯದ ಭೂತ ಎನ್ನುವವರುಂಟು) ಚೀಟಿ ಬಿದ್ದದ್ದು ಜನರ ಪಾಪಗಳನ್ನು ಹೊತ್ತು ಜೀವಸಹಿತ ಅರಣ್ಯಕ್ಕೆ. ಓದುಗನಿಗೆ ವಿಧಿಯ ಕ್ರೌರ್ಯ ಬೇಕಾಗಿಲ್ಲ, ಮಹಾಯಾಜಕನ ಕೈ ಕಾಣಬೇಕು. ಯೆಹೂದಿ ಧರ್ಮಶಾಸ್ತ್ರದ ಸಂಗ್ರಹವಾದ ಮಿಷ್ನಾದ ‘ಯೋಮಾ’ ಭಾಗ ಅದನ್ನು ತೋರಿಸುತ್ತದೆ: ಅವನು ಪಾತ್ರೆಯನ್ನು ಅಲುಗಾಡಿಸಿ ಎರಡು ಕೈಗಳಲ್ಲಿ ಒಂದೊಂದನ್ನು ಎತ್ತುತ್ತಾನೆ. ಕಾಗದದ ಚೀಟಿಗಳಲ್ಲ, ಮೊದಲು ಮರದವು, ಆಮೇಲೆ ಬೆನ್ ಗಮ್ಲಾ ಎಂಬ ಮಹಾಯಾಜಕ ಚಿನ್ನದವನ್ನು ಮಾಡಿಸಿದ. ದೇವರ ಚೀಟಿ ಬಲಗೈಗೆ ಬಂದರೆ ಶುಭ. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾಗುವುದಕ್ಕೆ ಮುಂಚಿನ 40 ವರ್ಷ ಅದು ಬಲಗೈಗೆ ಬರಲೇ ಇಲ್ಲ ಎನ್ನುತ್ತದೆ ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮುದ್. ವರ್ಷ ವರ್ಷವೂ ಜನರೆಲ್ಲ ಆ ಬಲಗೈಯನ್ನೇ ನೋಡುತ್ತ ನಿಂತಿದ್ದರಲ್ಲ, ಅದನ್ನು ಬಿಟ್ಟು ನೀವು ‘ಕ್ರೂರ ಆಟ’ ಹಿಡಿದಿರಿ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಹುಡುಗನಾಗಿ ಸೇರಿದ ವರ್ಷ, ಒಂದು ಅಪಘಾತದ ವರದಿಗೆ ‘ವಿಧಿಯ ಅಟ್ಟಹಾಸ’ ಎಂದು ಸೇರಿಸಿದ್ದೆ. ಹಿರಿಯ ಉಪಸಂಪಾದಕರು ಕನ್ನಡಕವನ್ನು ಹಣೆಗೇರಿಸಿ, “ಬಸ್ಸನ್ನು ವಿಧಿ ಓಡಿಸುತ್ತಿತ್ತೇನಯ್ಯ?” ಎಂದರು. ಬ್ರೇಕ್ ಹಿಡಿದಿರಲಿಲ್ಲ ಎಂಬುದು ನನ್ನ ಜೇಬಿನ ಚೀಟಿಯಲ್ಲೇ ಇತ್ತು. ಅದು ತೀರ ಸಣ್ಣ ಮಾತೆಂದು ಬಿಟ್ಟಿದ್ದೆ. ಅವರೊಡನೆ ಮೂರು ತಿಂಗಳು ಮಾತಾಡಲಿಲ್ಲ, ಅಷ್ಟು ಸಿಟ್ಟು ನನಗೆ.

ಮತ್ತೇನು ಬರೆಯಲಿ ಎಂದು ಕೇಳುತ್ತೀರಿ. ‘ಪಾಲು’ ಇದೆಯಲ್ಲ! ಗೋರಾಲ್ ಎಂದರೆ ಎಸೆಯುವ ಹರಳು. ಅದರಿಂದ ಸಿಕ್ಕಿದ ಭೂಮಿಯೂ ಗೋರಾಲ್, ಬದುಕಿನಲ್ಲಿ ಒದಗಿದ್ದೂ ಗೋರಾಲ್. ನಮ್ಮಲ್ಲಿ ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಚೀಟಿಯಲ್ಲಿ ಬಂದ ಗದ್ದೆ ಪಾಲು. ‘ಪಾಲಿಗೆ ಬಂದದ್ದು ಪಂಚಾಮೃತ’ ಎನ್ನುವಾಗ ಅದೇ ಪದ ಗದ್ದೆಯ ಬದು ದಾಟಿರುತ್ತದೆ. ಇಷ್ಟು ಹತ್ತಿರದ ಪದವನ್ನು ಬಿಟ್ಟು ಹಣೆಯವರೆಗೆ ಏಕೆ ಹೋದಿರಿ?

1947ರಿಂದ ಮೃತಸಮುದ್ರದ ಬಳಿಯ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಮನುಷ್ಯರೇ ಎರಡು ಗೋರಾಲ್‌ಗಳಾಗಿ ಒಡೆದಿದ್ದಾರೆ: ದೇವರ ಪಾಲಿನವರು, ದುಷ್ಟಶಕ್ತಿ ಬೆಲಿಯಾಳನ ಪಾಲಿನವರು. ಪದ ನಿಮ್ಮ ‘ಹಣೆಬರಹ’ಕ್ಕೆ ಹತ್ತಿರ ಬರುವುದು ಇಲ್ಲಿ. ಆದರೆ ಮೊದಲ ಪುಟದಲ್ಲೇ ಅದನ್ನು ಖರ್ಚು ಮಾಡಿದ್ದರಿಂದ ಏಳನೆಯ ಪುಟಕ್ಕೆ ಬರುವಾಗ ನಿಮ್ಮ ಕೈ ಬರಿದಾಗಿದೆ.

ಯೆಹೂದಿಗಳನ್ನು ಕೊಲ್ಲಿಸಲು ಚೀಟಿ ಹಾಕಿಸಿ ದಿನ ಗೊತ್ತುಮಾಡಿದ ಹಾಮಾನನ ಭಾಗವನ್ನು ನಾನು ಮುಟ್ಟುವುದಿಲ್ಲ. ‘ಪೂರ್’ ಎಂದರೆ ಗೋರಾಲ್ ಎಂದು ಎಸ್ತೇರಳ ಗ್ರಂಥವೇ ಒಂದು ಕ್ಷಣ ನಿಂತು ಹೇಳುತ್ತದೆ. ನೀವು ನಿಲ್ಲಲಿಲ್ಲ, ಅಷ್ಟೇ.

ದಾನಿಯೇಲನ ಗ್ರಂಥ ಮುಗಿಯುವುದೂ ಇದೇ ಪದದ ಬಳಿಯಲ್ಲಿ: ದಿನಗಳ ಕೊನೆಯಲ್ಲಿ ನೀನು ಎದ್ದು ನಿನ್ನ ಗೋರಾಲಿನಲ್ಲಿ ನಿಲ್ಲುವೆ. ಅಲ್ಲಿ ಒಮ್ಮೆ ‘ಹಣೆಬರಹ’ ಇಟ್ಟು, ಮತ್ತೊಮ್ಮೆ ‘ಪಾಲು’ ಇಟ್ಟು ಗಟ್ಟಿಯಾಗಿ ಓದಿ. ಆಮೇಲೆ ಲೇಖನವನ್ನು ಮೊದಲಿನಿಂದ ಬರೆದು ಕಳುಹಿಸಿ. ಹಸ್ತಪ್ರತಿಯನ್ನು ಹಿಂತಿರುಗಿಸಿದ್ದೇನೆ. ಐದನೆಯ ಪುಟದ ಕಾಫಿ ಕಲೆ ನನ್ನದು.