ಷಿಕಾಗೋದಲ್ಲಿ ರಾತ್ರಿ ಹತ್ತು ದಾಟಿದ ಮೇಲೆ ಮಗ ಹೊರಗಿದ್ದರೆ

16 ವರ್ಷದ ಮಗ ಗೆಳೆಯರ ಜೊತೆ ರಾತ್ರಿ ಹೊರಗಿದ್ದರೆ ಪೊಲೀಸರು ಹಿಡಿಯೋದು ನಿಜವಾ, ಹಿಡಿದರೆ ವೀಸಾಕ್ಕೆ ತೊಂದರೆಯಾ ಅಂತ ಕೇಳಿದ್ದೀರಿ. ಹಿಡಿಯೋದು ನಿಜ, ಕಾರಣ ಕರ್ಫ್ಯೂ. ನಮ್ಮಲ್ಲಿ ಕರ್ಫ್ಯೂ ಅಂದ್ರೆ ಗಲಭೆ ಆದಾಗ ಹಾಕೋದು. ಇಲ್ಲಿ ಅದು ವರ್ಷವಿಡೀ ಇರೋ ನಿಯಮ, ಮಕ್ಕಳಿಗೆ ಮಾತ್ರ.

ಷಿಕಾಗೋ ನಗರದೊಳಗೆ 18 ತುಂಬದವರು ರಾತ್ರಿ 10 ಆದ ಮೇಲೆ ಸಾರ್ವಜನಿಕ ಜಾಗದಲ್ಲಿ ಇರುವಂತಿಲ್ಲ. ಮೊದಲು ವಾರಾಂತ್ಯಕ್ಕೆ 11 ಇತ್ತು, 2022ರಲ್ಲಿ ತೆಗೆದರು. ಇಲಿನಾಯ್ ರಾಜ್ಯದ ಕಾನೂನೇ ಬೇರೆ: 17 ತುಂಬದವರಿಗೆ ಭಾನುವಾರದಿಂದ ಗುರುವಾರ 11 ಗಂಟೆ, ಶುಕ್ರವಾರ ಶನಿವಾರ ಮಧ್ಯರಾತ್ರಿ. ಹಾಗಾಗಿ ಉಪನಗರದಲ್ಲಿ ಮನೆ ಮಾಡಿದರೆ ಆ ಊರಿನ ಸಮಯ ಬೇರೆ ಇರಬಹುದು, ನೋಡಿಕೊಳ್ಳಿ. ಟೆಕ್ಸಾಸ್‌ನ ನೆಂಟರು "ಹಾಗೇನಿಲ್ಲ" ಅಂದರೆ ಅದು ಇಲ್ಲಿಗೆ ಅನ್ವಯಿಸಲ್ಲ, ಅಲ್ಲಿ 2023ರಲ್ಲಿ ನಗರಗಳಿಗಿದ್ದ ಈ ಅಧಿಕಾರವನ್ನೇ ತೆಗೆದುಹಾಕಿದ್ದಾರೆ.

ವಿನಾಯಿತಿಗಳಿವೆ: ಅಪ್ಪ ಅಮ್ಮ ಜೊತೆಗಿದ್ದರೆ, ಕೆಲಸದಿಂದ ಬರುತ್ತಿದ್ದರೆ, ತುರ್ತು ಇದ್ದರೆ, ದೊಡ್ಡವರ ಉಸ್ತುವಾರಿಯ ಶಾಲೆಯ ಅಥವಾ ಧಾರ್ಮಿಕ ಕಾರ್ಯಕ್ರಮವಿದ್ದರೆ, ನಿಮ್ಮ ಮನೆ ಮುಂದಿನ ಫುಟ್‌ಪಾತಿನಲ್ಲಿದ್ದರೆ. ನೀವೇ ಏನಾದರೂ ತರಲು ಕಳಿಸಿದ್ದರೂ ಸರಿ, ಆದರೆ ಎಲ್ಲೂ ನಿಲ್ಲದೆ ನೇರ ಬರಬೇಕು. ಮಕ್ಕಳು ಸಿಕ್ಕಿಬೀಳೋದು ಇಲ್ಲೇ. ಔಷಧಿ ತರಲು ಹೋದವನು ವಾಪಸ್ ಬರುವಾಗ ಗೆಳೆಯನ ಮನೆ ಗೇಟಿನ ಹತ್ತಿರ ಹತ್ತು ನಿಮಿಷ ಮಾತಾಡಿದರೆ ಆ ವಿನಾಯಿತಿ ಹೋಯಿತು.

ಕ್ರಮ ಕೈಗೊಳ್ಳುವ ಮೊದಲು ಪೊಲೀಸರು ವಯಸ್ಸು ಮತ್ತು ಕಾರಣ ಕೇಳಲೇಬೇಕು. ಈ ಒಂದು ಪ್ರಶ್ನೆಗೆ ಮಗನನ್ನು ತಯಾರು ಮಾಡಿ. ಕೈ ಕಾಣುವಂತಿರಲಿ, ಓಡಬಾರದು, ಸುಳ್ಳು ಹೆಸರು ಕೊಡಲೇಬಾರದು, ಅದು ಕರ್ಫ್ಯೂಗಿಂತ ದೊಡ್ಡ ತಪ್ಪಾಗುತ್ತೆ. ಶಾಲೆಯ ಐಡಿ, ಕೆಲಸದ ಶಿಫ್ಟ್ ಪಟ್ಟಿ, ನಿಮ್ಮ ಫೋನ್ ನಂಬರ್ ಜೇಬಿನಲ್ಲಿರಲಿ. ಸಾಮಾನ್ಯವಾಗಿ ಮನೆಗೆ ತಂದು ಬಿಡುತ್ತಾರೆ, ಇಲ್ಲವೇ ನಿಮ್ಮನ್ನೇ ಠಾಣೆಗೆ ಕರೆಸುತ್ತಾರೆ.

ದಂಡ ಬೀಳೋದು ತಂದೆ ತಾಯಿಗೂ. ರಾಜ್ಯದ ಕಾನೂನಿನಲ್ಲಿ 10ರಿಂದ 500 ಡಾಲರ್, ಸಮುದಾಯ ಸೇವೆಯೂ ಬರಬಹುದು. ನೋಟಿಸಿನಲ್ಲಿ ಕೊಟ್ಟ ತಾರೀಕಿಗೆ ತಪ್ಪದೆ ಹಾಜರಾಗಿ. ಸುಮ್ಮನಿದ್ದರೆ ಸಣ್ಣ ವಿಷಯ ದೊಡ್ಡದಾಗುತ್ತೆ.

ಕಾರಿನಲ್ಲಿದ್ದರೂ ಬಚಾವ್ ಅಂದುಕೊಳ್ಳಬೇಡಿ. 18ರೊಳಗಿನವರ ಲೈಸೆನ್ಸಿಗೇ ಇಲಿನಾಯ್‌ನಲ್ಲಿ ರಾತ್ರಿಯ ಮಿತಿ ಇದೆ: ವಾರದ ದಿನ 10, ಶುಕ್ರವಾರ ಶನಿವಾರ 11, ಬೆಳಿಗ್ಗೆ 6ರ ತನಕ.

ವೀಸಾ ವಿಷಯ: ಮಕ್ಕಳ ಕರ್ಫ್ಯೂ ಉಲ್ಲಂಘನೆ ವಯಸ್ಸಿನ ಕಾರಣಕ್ಕಷ್ಟೇ ಆಗುವ ತಪ್ಪು, ಕ್ರಿಮಿನಲ್ ಶಿಕ್ಷೆಯಲ್ಲ. ಆದರೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಪೊಲೀಸರು ಹಿಡಿದಿದ್ದರಾ, ಟಿಕೆಟ್ (ತಪ್ಪಿಗೆ ಕೊಡುವ ನೋಟಿಸ್) ಕೊಟ್ಟಿದ್ದರಾ ಅಂತ ಕೇಳುತ್ತಾರೆ. ಮುಚ್ಚಿಟ್ಟರೆ ಅದೇ ಸಮಸ್ಯೆ. ಪ್ರಕರಣ ಮುಗಿದ ದಿನವೇ ಕೋರ್ಟಿನಿಂದ ಮುದ್ರೆ ಹಾಕಿದ ಪ್ರತಿ ತೆಗೆದುಕೊಂಡು ಪಾಸ್‌ಪೋರ್ಟ್ ಜೊತೆ ಇಡಿ.